ಅರವತ್ತು ಲಾಳಿಯ ಮೂರ್ಛೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಇಳಕಲ್ಲಿನ ನೇಕಾರರ ಓಣಿಯಲ್ಲಿ ಬಾಡಿಗೆಗಿದ್ದ ಕನ್ನಡ ಶಾಲೆಯ ಮಾಸ್ತರ. ನನಗೆ ಮೂವತ್ತು ವರ್ಷ. ನನ್ನ ಚಿಂತೆಗೆ ಮಾತ್ರ ಆಗಲೇ ಅರವತ್ತು ತುಂಬಿತ್ತು. ಬಾಗಲಕೋಟೆಯ ಬಸ್ಸು ಸ್ವಲ್ಪ ತಡವಾದರೂ ಅದು ಹಳ್ಳಕ್ಕೆ ಉರುಳಿದೆ ಎಂದೇ ನನ್ನ ಲೆಕ್ಕ. ಅಂಥವನ ನಾಯಿಗೇ ಮೂರ್ಛೆರೋಗ ಬರಬೇಕೆ?

ಒಂದು ಮುಂಜಾನೆ ರೊಟ್ಟಿ ತಿನ್ನುತ್ತಿದ್ದ ನಾಯಿ ಧೊಪ್ಪನೆ ಬಿದ್ದು, ಸೆಟೆದು, ನೊರೆ ಕಾರುತ್ತ ಕಾಲು ಬಡಿಯತೊಡಗಿತು. ಓಣಿಯವರೆಲ್ಲ ಕಟ್ಟೆ ಹತ್ತಿ ನಿಂತರು.

"ಹುಚ್ಚ ಹಿಡದೈತ್ರಿ ಮಾಸ್ತರ, ದೂರ ಸರೀರಿ!"

ಒಬ್ಬ ಹಿರಿಯರು ಮಾತ್ರ ಧೈರ್ಯಮಾಡಿ, ಮನುಷ್ಯರಿಗೆ ಮಾಡುವ ಹಾಗೆ ತಮ್ಮ ಹಳೆಯ ಚಪ್ಪಲಿಯನ್ನು ಅದರ ಮೂಗಿಗೆ ಹಿಡಿದರು. ಎಚ್ಚರಾದ ನಾಯಿ ಆ ಚಪ್ಪಲಿಯನ್ನೇ ಕಚ್ಚಿಕೊಂಡು ಓಡಿತು. ಔಷಧ ಹತ್ತಿತು ಎಂದು ಅವರು ಒಂದೇ ಕಾಲಿನ ಚಪ್ಪಲಿಯಲ್ಲಿ ಹೆಮ್ಮೆಯಿಂದ ಮನೆಗೆ ಹೋದರು.

ನಾನು ನಾಯಿಯನ್ನು ಕೈಚೀಲದಲ್ಲಿ ಕೂರಿಸಿಕೊಂಡು ಹುನಗುಂದದ ದನದ ದವಾಖಾನೆಗೆ ಒಯ್ದೆ. ಅಲ್ಲಿನ ತರುಣ ಡಾಕ್ಟರು ನಾಯಿಗಳ ಮೂರ್ಛೆಯ ಮೇಲೆಯೇ ಸಂಶೋಧನೆ ಮಾಡುತ್ತಿದ್ದರು. ನನ್ನ ನಾಯಿಯನ್ನು ಕಂಡು ಅವರಿಗೆ ಆದಷ್ಟು ಸಂತೋಷ ನನ್ನ ಮದುವೆಯಲ್ಲಿ ಯಾರಿಗೂ ಆಗಿರಲಿಲ್ಲ.

"ಹುಚ್ಚಲ್ರಿ ಇದು. ಮನಶ್ಯಾರಿಗೆ ಬರೂ ಮೂರ್ಛೆರೋಗನ. ಗುಳಿಗಿ ಎರಡೂ ಹೊತ್ತು ತಪ್ಪಸಬ್ಯಾಡ್ರಿ. ಯಾವಾಗ ಬಂತು, ಎಷ್ಟೊತ್ತು ಇತ್ತು, ಈ ವಹಿಯೊಳಗ ಬರೀರಿ. ಅದನ್ನ ನೋಡೇ ಔಷಧ ಏರಸೂದು, ಇಳಸೂದು."

ಬರೆದೆ. ಆದರೆ ನಾಯಿ ಬಿದ್ದ ಕೂಡಲೇ "ಯವ್ವಾ!" ಎಂದು ಒದರುವುದರಲ್ಲಿ ನನಗೆ ಗಡಿಯಾರ ನೋಡುವ ನೆನಪೇ ಆಗುತ್ತಿರಲಿಲ್ಲ. ನೀರು ಕುಡಿದು, ಸುಧಾರಿಸಿಕೊಂಡ ಮೇಲೆ ನೋಡಿ, ಪ್ರತಿ ಸಲ 'ಅರ್ಧ ತಾಸು' ಎಂದು ಬರೆಯುತ್ತಿದ್ದೆ. ವಹಿ ನೋಡಿದ ಡಾಕ್ಟರು ಗುಳಿಗೆ ಏರಿಸಿದರು. ಮತ್ತೆ ಏರಿಸಿದರು. ನಾಯಿ ಸೆರೆ ಕುಡಿದು ಬಂದವರಂತೆ ಗೋಡೆ ಹಿಡಿದು ನಡೆಯತೊಡಗಿತು. ಒಂದು ಶನಿವಾರ ಅವರು ವಹಿ ಮುಚ್ಚಿದರು.

"ಇಷ್ಟ ಔಷಧಕ್ಕೂ ಅರ್ಧ ತಾಸ ಇಳೀವಲ್ದು ಅಂದ್ರ ಮೆದಳ ಉಳಿಯೂದಿಲ್ರಿ ಮಾಸ್ತರ. ಬರೂ ವಾರ ನಾನ ಬಂದ ನೋಡ್ತೇನಿ. ಹಿಂಗ ಇದ್ರ, ಒಂದ ಇಂಜೆಕ್ಷನ್ ಮಾಡಿ ಮಲಗಸೂದ ಪುಣ್ಯದ ಕೆಲಸ."

ಆ ವಾರವಿಡೀ ನಾನು ಕಣ್ಣು ಮುಚ್ಚಲಿಲ್ಲ. ನಾಯಿ ಮಾತ್ರ ಗುಳಿಗೆಯ ದೆಸೆಯಿಂದ ಇಬ್ಬರ ಪಾಲಿನ ನಿದ್ದೆಯನ್ನೂ ಮಾಡಿತು.

ಶನಿವಾರ ಡಾಕ್ಟರು ಬಂದು, ನಮ್ಮ ಅಂಗಳದಲ್ಲಿ ನಿಂತು ವಹಿ ಓದತೊಡಗಿದರು. "ನಿನ್ನೆ, ಅರ್ಧ ತಾಸು. ಮೊನ್ನೆ, ಅರ್ಧ ತಾಸು..." ಮೋಟುಗೋಡೆಯ ಆಚೆ ಮಗ್ಗದ ಸಪ್ಪಳ ಗಕ್ಕನೆ ನಿಂತಿತು. ಪಕ್ಕದ ಮನೆಯ ಅಜ್ಜಿ ಕುಣಿಮಗ್ಗದ ಗುಂಡಿಯಿಂದ ಎದ್ದು ಇಣುಕಿದಳು.

"ಯಾವ ಅರ್ಧ ತಾಸೋ ಯಪ್ಪಾ? ನಿನ್ನಿ ಬಂದದ್ದು ಅರವತ್ತ ಲಾಳಿ. ಮೊದ್ಲ ನೂರ ಲಾಳಿ ಇರ್ತಿತ್ತು."

ಮಗ್ಗದಲ್ಲಿ ಲಾಳಿ ಒಮ್ಮೆ ಓಡಿದರೆ ಒಂದು ಎಳೆ. ಸೆರಗಿನ ಕೆಂಪು ಬಿಳಿ ಪಟ್ಟಿಗೆ ಎಳೆ ಎಣಿಸಿ ಎಣಿಸಿ ಆಕೆಗೆ ಎಣಿಸದೆ ಇರುವುದೇ ಬರುತ್ತಿರಲಿಲ್ಲ. "ಮಾಸ್ತರ 'ಯವ್ವಾ' ಅಂದ ಕೂಡ್ಲೆ ಶುರು ಮಾಡ್ತೇನಿ. ನಾಯಿ ಕಾಲ ಬಡಿಯೂ ಸಪ್ಪಳ ನಿಂತ್ರ ನಿಲ್ಲಸ್ತೇನಿ."

ಡಾಕ್ಟರು ಗೋಡೆ ಸುತ್ತಿ ಆಕೆಯ ಮನೆಗೇ ಹೋದರು. ಕೈಗಡಿಯಾರ ಬಿಚ್ಚಿ ಹಿಡಿದು, "ಅರವತ್ತ ಒಗೀರಿ ಅಜ್ಜಿ" ಎಂದರು. ಲಾಳಿ ಅತ್ತಿಂದಿತ್ತ ಓಡಿತು. ಒಂದೂವರೆ ನಿಮಿಷ.

"ಅಂದ್ರ ಔಷಧ ಹತ್ತೈತಿ!" ಡಾಕ್ಟರು ನನ್ನತ್ತ ತಿರುಗಿದರು. "ಮಾಸ್ತರ, ಉಳದ ಇಪ್ಪತ್ತೆಂಟೂವರಿ ನಿಮಿಷ ಯಾರದ್ರಿ?"

ನಾನು ನಾಯಿಯ ಕಿವಿ ತುರಿಸುತ್ತ ನಿಂತೆ.

ಇಂಜೆಕ್ಷನ್ನಿನ ಮಾತು ಮತ್ತೆ ಬರಲಿಲ್ಲ. ಒಮ್ಮೆಲೇ ಬಿಡಬಾರದೆಂದು ಹೆಚ್ಚಾಗಿದ್ದ ಗುಳಿಗೆಯನ್ನು ತುಸುತುಸುವೇ ಇಳಿಸಿದರು. ನಾಯಿ ಗೋಡೆ ಬಿಟ್ಟು ನಡೆಯಿತು, ಮರುದಿನವೇ ಆ ಹಿರಿಯರ ಇನ್ನೊಂದು ಚಪ್ಪಲಿಯನ್ನೂ ತಂದಿತು. ಡಾಕ್ಟರ ಸಂಶೋಧನೆಯ ವಹಿಯಲ್ಲಿ ಹೊಸದೊಂದು ಕಾಲಮು ಎದ್ದಿತು: 'ಲಾಳಿ'. ಅಕ್ಷರ ಬಾರದ ಅಜ್ಜಿ ಹೇಳಬೇಕು, ಟ್ರೇನಿಂಗ್ ಆದ ಮಾಸ್ತರ ಬರೆಯಬೇಕು.

ಎರಡು ತಿಂಗಳ ನಂತರ ನಾಯಿ ಮತ್ತೊಮ್ಮೆ ಬಿತ್ತು. ನಾನು ಒದರಿದೆ, ಬೆವತೆ, ಗೋಡೆಗಾತು ಕೂತೆ. ಆಮೇಲೆ ಪೆನ್ನನ್ನು ತಲೆಕೆಳಗಾಗಿ ಹಿಡಿದು, "ಅಜ್ಜೀ, ಎಷ್ಟಾತು?" ಎಂದು ಕೂಗಿದೆ.

ಮಗ್ಗ ನಿಲ್ಲಲಿಲ್ಲ. "ನಾಯಿದು ಮೂವತ್ತಕ್ಕ ಮುಗೀತ್ರಿ ಮಾಸ್ತರ. ನಿಮ್ದು ಇನ್ನೂ ನಡದೈತಿ."