ಷಡ್ಜ ಯಾವುದು?

ಅರುವತ್ತರ ದಶಕದ ಮೊದಮೊದಲು, ವಾರಕ್ಕೊಮ್ಮೆ ಮೂಡುಬಿದಿರೆಯಿಂದ ಬಸ್ಸು ಹಿಡಿದು ಸಿದ್ಧಕಟ್ಟೆಯ ಒಂದು ಮನೆಗೆ ಸಂಗೀತ ಹೇಳಿಕೊಡಲು ಹೋಗುತ್ತಿದ್ದೆ. ಕಲಿಯುವವಳು ಆ ಮನೆಯ ಸೊಸೆ. ಸಂಗೀತ ಪರೀಕ್ಷೆ ಪಾಸಾಗಿ ಶಾಲೆಯಲ್ಲಿ ಟೀಚರ್ ಆಗಬೇಕೆಂದು ಅವಳ ಆಸೆ. "ಒಂದು ಸಲ ಕೂತುಕೊಳ್ಳಲಿ. ಫೇಲಾದರೆ ಹಾಡು ಅಲ್ಲಿಗೇ ಮುಗಿಯಿತು" ಎಂದು ಅತ್ತೆ ಮೊದಲೇ ಹೇಳಿಬಿಟ್ಟಿದ್ದರು. ಹೇಳಿ ಒಳಗೆ ಹೋದರೋ, ಇಲ್ಲ! ಪಾಠ ಮುಗಿಯುವ ತನಕ ಚಾವಡಿಯಲ್ಲೇ ಕಾವಲು ಕೂತು, ಕೈ ಖಾಲಿ ಇರಬಾರದೆಂದು ಶ್ರುತಿಪೆಟ್ಟಿಗೆ ಒತ್ತುತ್ತಿದ್ದರು.

ಹಾರ್ಮೋನಿಯಮ್ಮಿನ ಕಪ್ಪು ಬಿಳಿ ಮನೆ ನೋಡಿ ಸ್ವರ ಹೇಳುವ ಚಾಳಿ ಕಂಡರೆ ನನಗೆ ಮೈ ಉರಿಯುತ್ತದೆ. ಅದರ ಮೇಲೆ ನನ್ನ ಹೆಗಲ ಬೈರಾಸು ಹೊದಿಸಿ, ಅಡಿಯಿಂದ ಕೈ ತೂರಿಸಿ, ಎರಡು ಸ್ವರ ನುಡಿಸಿ ಗುರುತಿಸಲು ಹೇಳುತ್ತಿದ್ದೆ. ಸ-ಗ, ಸ-ಪ ಎಲ್ಲ ಪಟಪಟ ಹೇಳುವಳು. ಪಂಚಮದಿಂದ ಮೇಲಿನ ಷಡ್ಜಕ್ಕೆ, ಅಂದರೆ ಪ-ದಿಂದ ಮೇಲಿನ ಸ-ಕ್ಕೆ, ಹೋದರೆ ಮಾತ್ರ "ಸ-ಮ" ಎನ್ನುವಳು. ಎರಡೂ ಕಡೆ ಅಂತರ ಒಂದೇ ಅಲ್ಲವೆ, ಅದಕ್ಕೆ.

"ದೂರ ಸರಿ ಉಂಟು ಮಾರಾಯ್ತಿ, ಹೊರಟದ್ದು ಎಲ್ಲಿಂದ? ಷಡ್ಜ ನಿನ್ನ ಅತ್ತೆಯ ಕೈಯ ಶ್ರುತಿಯಲ್ಲೇ ಉಂಟಲ್ಲ, ಕಿವಿ ಕೊಡು! ಗೊತ್ತಾಗದಿದ್ದರೆ ಬಾಯಿ ಬಿಟ್ಟು ಕೇಳು."

ಕೇಳುವುದೊಂದು ಅವಳಿಂದಾಗದು. ಸೊಸೆಯಾದವಳು ಹಿರಿಯರನ್ನು ಪ್ರಶ್ನೆ ಕೇಳುವ ಕ್ರಮ ಆ ಮನೆಯಲ್ಲಿರಲಿಲ್ಲ.

ಪರೀಕ್ಷೆ ಮೂಡುಬಿದಿರೆಯ ಶಾಲೆಯೊಂದರಲ್ಲಿ. ಅತ್ತೆಯೂ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಪರೀಕ್ಷಕರು ಶ್ರುತಿ ನಿಲ್ಲಿಸಿ, ಎರಡು ಸ್ವರ ನುಡಿಸಿ, "ಯಾವುದು?" ಎಂದರು. ಅಯ್ಯೋ, ಅದೇ ಅಂತರ! ಅವಳು ತಿರುಗಿ ಅತ್ತೆಯ ಕೈ ನೋಡಿದಳು. ಕೈ ಸುಮ್ಮನೆ ಮಡಿಲಲ್ಲಿತ್ತು.

"ಕೇಳಿದೆ ಅಂತ ಬೇಜಾರು ಮಾಡಬೇಡಿ ಸರ್" ಎಂದಳು ತಲೆ ತಗ್ಗಿಸಿ. "ಷಡ್ಜ ಯಾವುದು? ಕೆಳಗಿನದಾದರೆ ಇದು ಸ-ಮ. ಮೇಲಿನದಾದರೆ ಪ-ಸ."

"ಬೆಳಿಗ್ಗೆಯಿಂದ ಒಬ್ಬರಾದರೂ ಕೇಳಲಿಲ್ಲ" ಎಂದು ಪರೀಕ್ಷಕರು ನಕ್ಕರು. ಪಾಸು ಎಂದು ಅಲ್ಲೇ ಹೇಳಿದರು. ನನಗೆ ಅಳುವೇ ಬಂತು.

ಅತ್ತೆ ಮಾತ್ರ ಬಸ್‌ಸ್ಟ್ಯಾಂಡಿನ ತನಕ ನಮ್ಮನ್ನು ಬಿಟ್ಟು ಮುಂದೆ ಮುಂದೆ ನಡೆದರು. ಎದುರುಮಾತಾಡಿದ್ದಕ್ಕೆ ಮನೆಯಲ್ಲಿ ಇವತ್ತು ರಾಮಾಯಣವೇ ಎಂದು ನಾನು ಹೆದರಿದೆ. ಬಸ್ಸು ಕಾಣಿಸಿದಾಗ ಅವರು ಸೊಸೆಯ ಕಡೆ ತಿರುಗಿದರು.

"ಗುರುತಿಲ್ಲದವರ ಹತ್ತಿರ ಕೇಳಿದಿ. ನನ್ನ ಹತ್ತಿರ ಇಷ್ಟು ವರ್ಷದಲ್ಲಿ ಒಂದು ಮಾತು ಕೇಳಿದ್ದುಂಟಾ?"

ಅವಳು ಸೆರಗಿನ ತುದಿ ಹಿಡಿದುಕೊಂಡಳು.

"ಕೆಲಸ ಸಿಕ್ಕಿದರೆ ಹೋಗಲಾ ಅತ್ತೆ?"

"ಹೋಗು" ಎಂದರು ಅತ್ತೆ.