ಶೇಷಾಧಿಕಾರದ ಮುದ್ದೆ

ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದರೆ ರಾತ್ರಿಯ ಮುದ್ದೆಯೊಂದು ಹುಳಿವಾಸನೆ ಬೀರುತ್ತ ಕುಳಿತಿತ್ತು. ನಮ್ಮ ಯಜಮಾನರು ತೀರಿಕೊಂಡ ಮೇಲೂ ನನ್ನ ಕೈ ಒಂದು ಮುದ್ದೆ ಹೆಚ್ಚಿಗೆ ಕಟ್ಟುತ್ತದೆ. ಹೇಳಿದರೆ ಕೇಳುವ ಕೈಯಲ್ಲ. ದಿನವೂ ಅದನ್ನು ಪಕ್ಕದ ಮನೆಯ ಎಮ್ಮೆಗೆ ಹಾಕುತ್ತಿದ್ದೆ. ನಿನ್ನೆ ಅವರು ಎಮ್ಮೆ ಮಾರಿಬಿಟ್ಟರು. ಮುದ್ದೆ ಬಿಸಾಡಲು ಮನಸ್ಸಿಲ್ಲ. ಕಟ್ಟುವುದನ್ನು ನಿಲ್ಲಿಸಲು ಇನ್ನೂ ಮನಸ್ಸಿಲ್ಲ.

ನಮ್ಮ ಯಜಮಾನರು ಹೊಳಲ್ಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದರು. ಸಮಾಜ ಪಾಠ ಮಾಡುತ್ತಿದ್ದರು. ಪಾಠ ಶಾಲೆಯಲ್ಲೇ ಮುಗಿಯುತ್ತಿತ್ತು ಎಂದುಕೊಳ್ಳಬೇಡಿ. ಮದುವೆಯಾದ ಹೊಸದರಲ್ಲೇ ಮನೆಯ ಅಧಿಕಾರವನ್ನು ಸಂವಿಧಾನದಂತೆ ಹಂಚಿದರು. ಅವರು ಕೇಂದ್ರ, ನಾನು ರಾಜ್ಯ. ಬಸ್ಸಿನಲ್ಲಿ ಹೊರಟರೆ ನಾನು ಹೇಳಿದ ಊರು, ರೈಲು ಕೇಂದ್ರದ್ದಾದ್ದರಿಂದ ರಾಮಗಿರಿಯಲ್ಲಿ ಹತ್ತಿದರೆ ಅವರು ಹೇಳಿದ ಊರು. ಪೊಲೀಸು ರಾಜ್ಯದ ವಿಷಯವಾದ್ದರಿಂದ ಅಡುಗೆಮನೆಗೆ ನುಗ್ಗಿದ ಬೆಕ್ಕನ್ನು ಓಡಿಸುವುದು ನನ್ನ ಪಾಲಿಗೆ ಬಂತು. ಅವರು ಕುರ್ಚಿಯಿಂದ ಏಳುತ್ತಿರಲಿಲ್ಲ. ಹಿರಿಯೂರಿನ ಅವರ ಅಕ್ಕನ ಬಗ್ಗೆ ಏನಾದರೂ ಅಂದರೆ, "ಅದು ವಿದೇಶಾಂಗ ಕಣೇ, ನೀನು ಬಾಯಿ ಹಾಕ್ಬ್ಯಾಡ" ಎನ್ನುತ್ತಿದ್ದರು. ಮಗಳ ಓದು ಇಬ್ಬರಿಗೂ ಸೇರಿದ್ದು. ಮಾತು ಬೇರೆಯಾದರೆ ಮಾತ್ರ ಕೇಂದ್ರದ್ದೇ ನಡೆಯಬೇಕು.

"ಇದ್ಯಾವುದ್ರಲ್ಲೂ ಇಲ್ದಿದ್ದು ಯಾರ್ದು ರೀ?" ಎಂದೆ ಒಂದು ದಿನ.

"ಅದಕ್ಕೆ ಶೇಷಾಧಿಕಾರ ಅಂತ ಐತೆ. ಉಳಿದಿದ್ದೆಲ್ಲ ಕೇಂದ್ರದ್ದು."

ನಾನು ಹತ್ತನೇ ತರಗತಿಗೆ ಓದು ಬಿಟ್ಟವಳು. ಉಳಿದದ್ದು ಎಂದರೆ ನನಗೆ ಗೊತ್ತಿದ್ದುದು ಒಂದೇ. ಮರುದಿನ ನಾನು ಬಿಸಿ ಉಪ್ಪಿಟ್ಟು ಹಾಕಿಕೊಂಡು ಅವರ ಮುಂದೆ ತಂಗಳು ಮುದ್ದೆ ಇಟ್ಟೆ.

"ಏನೇ ಇದು?"

"ಉಳಿದಿದ್ದು. ಕೇಂದ್ರದ್ದು. ಉಣ್ರಿ."

ಮುದ್ದೆ ನೋಡಿದರು, ನನ್ನನ್ನು ನೋಡಿದರು. ಮೇಷ್ಟ್ರಾದವರು ತಮ್ಮ ಪಾಠವನ್ನು ತಾವೇ ತಪ್ಪು ಎನ್ನುವಂತಿಲ್ಲ. ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಂಡರು. ಅಂದಿನಿಂದ ರಾತ್ರಿ ಒಂದು ಮುದ್ದೆ ಬೇಕೆಂದೇ ಹೆಚ್ಚಿಗೆ ಕಟ್ಟಿದೆ. ಕೊನೆಯವರೆಗೂ ಗೊಣಗದೆ ಉಂಡರು. ಪಾಪ ಎನಿಸಿ, "ಸಾಕು ಬಿಡ್ರಿ, ನಾಳೆಯಿಂದ ನಿಮ್ಗೂ ಉಪ್ಪಿಟ್ಟು" ಎಂದರೆ, "ತಿದ್ದುಪಡಿ ಅಂದ್ರೆ ಅಷ್ಟು ಸುಲಭ ಅಲ್ಲ" ಎಂದು ಬಟ್ಟಲನ್ನು ತಮ್ಮತ್ತ ಎಳೆದುಕೊಳ್ಳುತ್ತಿದ್ದರು.

ಕೇಂದ್ರವೇ ಇಲ್ಲದಿದ್ದರೆ ಏನು ಮಾಡುವುದು ಎಂದೂ ಒಮ್ಮೆ ಕೇಳಿದ್ದೆ. "ಅಂಥ ಪ್ರಶ್ನೆ ಪರೀಕ್ಷೆಗೆ ಬರಲ್ಲ" ಎಂದಿದ್ದರು.

ಬಂತಲ್ಲ. ಕೇಂದ್ರವೂ ಇಲ್ಲ, ಪಕ್ಕದ ಮನೆಯ ಎಮ್ಮೆಯೂ ಇಲ್ಲ. ಮುದ್ದೆಗೆ ಮಜ್ಜಿಗೆ ಹಾಕಿ ಕಿವುಚಿದೆ. ಹುಟ್ಟಿದಾಗಿನಿಂದ ತಂಗಳು ಮುಟ್ಟದವಳು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು ಹಸಿಮೆಣಸಿನಕಾಯಿ ಕಚ್ಚಿದೆ. ತಣ್ಣಗೆ, ಹುಳಿಹುಳಿಯಾಗಿ, ಹಿಂದೆಯೇ ಮೆಣಸಿನಕಾಯಿಯ ಖಾರ. ಬಟ್ಟಲು ಬರಿದಾಗುವವರೆಗೆ ತಲೆ ಎತ್ತಲಿಲ್ಲ.

ಇಷ್ಟು ವರ್ಷ ಬಾಯಿ ಬಿಡದೆ, ರುಚಿಯಾದುದನ್ನು ಕೇಂದ್ರ ತಾನೇ ಇಟ್ಟುಕೊಂಡಿತ್ತು.

"ಎಲಾ ಮೇಷ್ಟ್ರೇ" ಎಂದೆ, ಅವರ ಕುರ್ಚಿಯ ಕಡೆ ತಿರುಗಿ. ಕಣ್ಣೀರು ಬಂದದ್ದು ಮೆಣಸಿನಕಾಯಿಗೆ ಎಂದೇ ಇಟ್ಟುಕೊಳ್ಳಿ.

ರಾತ್ರಿಗೆ ಎರಡು ಮುದ್ದೆ ಕಟ್ಟುತ್ತೇನೆ. ಉಳಿದದ್ದು ಇನ್ನು ರಾಜ್ಯದ್ದು.