ಬೂಕನಕೆರೆ ಆಲೆಮನೆಯ ರೇಸ್ ಎಂಜಿನ್

೧೯೯೪ನೇ ಇಸವಿ. ಶ್ರೀರಂಗಪಟ್ಟಣದಲ್ಲಿ ನಾನು ವಾಹನ ಸರ್ವೇಯರ್ ಆಗಿದ್ದೆ. ಗುದ್ದಿಕೊಂಡ ಬಸ್ಸು, ಮಗುಚಿದ ಲಾರಿ ನೋಡಿ ವಿಮೆಗೆ ವರದಿ ಬರೆಯುವುದು ಹೊಟ್ಟೆಪಾಡು. ಅದರ ಜೊತೆಗೆ ಇನ್ನೊಂದು ಕೆಲಸ ಅಂಟಿಕೊಂಡಿತ್ತು: ಹಳೆಯ ರೇಸ್ ಕಾರುಗಳ ಒಡೆತನದ ಚರಿತ್ರೆ ಹುಡುಕುವುದು. ಇದಕ್ಕೆ ಪ್ರಾವೆನೆನ್ಸ್ ಎನ್ನುತ್ತಾರೆ. ಕಾರು ಮೊದಲು ಯಾರದು, ಆಮೇಲೆ ಯಾರ ಕೈಗೆ ಬಂತು, ನಡುವೆ ಎಲ್ಲಿ ಬಿದ್ದಿತ್ತು ಎಂಬುದನ್ನು ಕೊಂಡಿ ತಪ್ಪದಂತೆ ಜೋಡಿಸಬೇಕು. ಹೆಣ್ಣು ಗಂಡು ನೋಡುವಾಗ ಹಿಂದಿನ ತಲೆಮಾರು ವಿಚಾರಿಸುವುದಿಲ್ಲವೇ, ಹಾಗೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನ ದಿವಾಕರ್ ಎಂಬ ವ್ಯಾಪಾರಿ ನನ್ನನ್ನು ಕರೆಸಿದ. ನಾಗಮಂಗಲದ ಆಚೆ ದೇವಲಾಪುರದಲ್ಲಿ, ತೆಂಗಿನಕಾಯಿ ತುಂಬುವ ಕೊಟ್ಟಿಗೆಯೊಂದರಲ್ಲಿ ಅವನು ಎರಡು ಸೀಟಿನ ಬ್ರಿಟಿಷ್ ರೇಸ್ ಕಾರು ಕೊಂಡಿದ್ದ. ನಾನು ನೋಡಿದಾಗ ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಷಾಸಿ, ಅಂದರೆ ಕಾರಿನ ಅಡಿಗಟ್ಟು, ಅಸಲಿ. ಆದರೆ ಬಾನೆಟ್ ಎತ್ತಿದರೆ ಒಳಗೆ ಎಂಜಿನ್ ಇಲ್ಲ. ಹುಟ್ಟಿದಾಗಿನ ಎಂಜಿನ್ ಇಲ್ಲದ ರೇಸ್ ಕಾರಿಗೆ ಸಂಗ್ರಹಕಾರರ ನಡುವೆ ಮರ್ಯಾದೆ ಕಡಿಮೆ. ಎಂಜಿನ್ ಬೂಕನಕೆರೆಯ ಒಂದು ಆಲೆಮನೆಯಲ್ಲಿ ಕಬ್ಬು ಅರೆಯುತ್ತಿದೆ ಎಂದು ಅವನಿಗೆ ಸುಳಿವು ಸಿಕ್ಕಿತ್ತು.

ಪಾಂಡವಪುರದಲ್ಲಿ ಇಳಿದು ಎರಡು ಇಡ್ಲಿ ತಿಂದು, ಕೆ.ಆರ್. ಪೇಟೆ ಬಸ್ಸು ಹಿಡಿದೆ. ಆಲೆಮನೆಯ ಒಡತಿ ಪುಟ್ಟತಾಯಮ್ಮ, ಅರವತ್ತು ದಾಟಿದ ವಿಧವೆ. ಗಂಡ ಕಾಳೇಗೌಡರು ಒಂದು ಕಾಲಕ್ಕೆ ಕಾಫಿ ತೋಟದ ಬಿಳಿ ದೊರೆಯೊಬ್ಬನ ಮೆಕ್ಯಾನಿಕ್ ಆಗಿದ್ದವರು. ಆ ದೊರೆಯೇ ಕಾರಿನ ಮೊದಲ ಯಜಮಾನ. ಒಂದು ರೇಸಿನಲ್ಲಿ ಆಕ್ಸಲ್ ಮುರಿದ ಮೇಲೆ ಅವನು ಕಾರಿನ ಮೈಯನ್ನು ದೇವಲಾಪುರದ ಗೆಳೆಯನಿಗೆ ಬಿಟ್ಟು, ಎಂಜಿನ್ನನ್ನು ಕಾಳೇಗೌಡರಿಗೆ ಕೊಟ್ಟು ತನ್ನ ದೇಶಕ್ಕೆ ಹಡಗು ಹತ್ತಿದನಂತೆ.

ಎಂಜಿನ್ ನಂಬರ್ ನೋಡಬೇಕೆಂದರೆ ಆ ಜಾಗದಲ್ಲಿ ವರ್ಷ ವರ್ಷದ ಆಯುಧಪೂಜೆಯ ಕುಂಕುಮ, ಎಣ್ಣೆ ಗಟ್ಟಿಯಾಗಿ ಕೂತಿತ್ತು. ನಾನು ಸ್ಕ್ರೂಡ್ರೈವರ್ ತೆಗೆದೆ. ಪುಟ್ಟತಾಯಮ್ಮ ನನ್ನ ಕೈ ತಳ್ಳಿ, ತಾವೇ ಕೊಬ್ಬರಿ ಎಣ್ಣೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿದರು. ತುಕ್ಕಿನ ಚುಕ್ಕೆಯೂ ಇಲ್ಲದೆ ಅಂಕಿಗಳು ಹೊಳೆದವು. ಕಾರಿನ ತಗಡಿನ ಪಟ್ಟಿಯಿಂದ ಬರೆದುಕೊಂಡಿದ್ದ ನಂಬರಿಗೆ ತಾಳೆಯಾದವು. ಅದೇ ಎಂಜಿನ್.

ವಿಷಯ ತಿಳಿದ ದಿವಾಕರ್ ಫೋನಿನಲ್ಲೇ ಹುಕುಂ ಕೊಟ್ಟ. ಕಾರು ತನ್ನದಾದ ಮೇಲೆ ಎಂಜಿನ್ನೂ ತನ್ನದೇ. ಕಾಳೇಗೌಡ ಆಳು, ಆಳಿನ ಮನೆಯಲ್ಲಿ ಇದ್ದ ಮಾತ್ರಕ್ಕೆ ಅದು ಒಡೆತನವಲ್ಲ. ಎಂಜಿನ್ ಕಾಳೇಗೌಡರ ವಶದಲ್ಲಿ ಇತ್ತು, ಅಷ್ಟೇ ಎಂದು ವರದಿ ಬರೆಯಿರಿ. ಅದನ್ನು ತೋರಿಸಿ ಲಾರಿ ತರುತ್ತೇನೆ ಎಂದ. ಆ ಎಂಜಿನ್ ಹೋದರೆ ಆಲೆಮನೆ ನಿಲ್ಲುತ್ತಿತ್ತು. ಪುಟ್ಟತಾಯಮ್ಮನ ಬಳಿ ಒಂದು ಚೂರು ಕಾಗದವಿರಲಿಲ್ಲ.

ಹೋಗಿ ಕೇಳಿದೆ. ಬೆಲ್ಲದ ಕೊಪ್ಪರಿಗೆಯಿಂದ ಕಣ್ಣೆತ್ತದೆ ಹೇಳಿದರು: "ಕಾಗ್ದ ಎಲ್ಲಿ ತರ್ಲಪ್ಪ? ದೊರೆ ಬೂದುಗುಂಬಳಕಾಯಿ ನಮ್ಮೆಜಮಾನ್ರ ಕೈಗೆ ಕೊಟ್ಟ. ಅದ್ಕಿಂತ ಇನ್ನೇನ್ ಬೇಕು?"

ನಮ್ಮ ಕಡೆ ಆಯುಧಪೂಜೆಯಲ್ಲಿ ಗಾಡಿಯ ಮುಂದೆ ಬೂದುಗುಂಬಳಕಾಯಿ ಒಡೆಯುವವನು ಅದರ ಯಜಮಾನ. ಡ್ರೈವರ್ ಹಾರ ಹಾಕಬಹುದು, ತೊಳೆಯಬಹುದು. ಕಾಯಿ ಮಾತ್ರ ಒಡೆಯುವಂತಿಲ್ಲ. ಆದರೆ ಇದು ಆಕೆಯೊಬ್ಬರ ಮಾತು. ನೆಂಟರನ್ನು ಕೇಳಿದರೆ ನೆಂಟರು ಹಾಗೇ ಅನ್ನುತ್ತಾರೆ. ಹಾಗಾಗಿ ಈಕೆಗೆ ಊರಲ್ಲಿ ಆಗದವರು ಯಾರು ಎಂದು ವಿಚಾರಿಸಿದೆ. ಎಲ್ಲರೂ ತೋರಿಸಿದ್ದು ಪಕ್ಕದ ಗದ್ದೆಯ ಚಲುವೇಗೌಡನನ್ನು. ಇಬ್ಬರಿಗೂ ವರ್ಷಗಳಿಂದ ಮಾತಿಲ್ಲ.

ಚಲುವೇಗೌಡ ಜಗುಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ. ಪುಟ್ಟತಾಯಮ್ಮನ ಹೆಸರು ಎತ್ತಿದ್ದೇ ತಡ, ಗಂಡ ಸತ್ತ ವರ್ಷವೇ ಆಕೆ ತಾನೇ ಕಾಯಿ ಒಡೆದದ್ದನ್ನು ನಿನ್ನೆ ನಡೆದಂತೆ ಹೇಳತೊಡಗಿದ.

"ಗಂಡ ಸತ್ತೋಳು ಕಾಯಿ ಒಡುದ್ರೆ ಊರ್ಗೆ ಒಳ್ಳೇದಾಯ್ತದಾ? ನಾನೇ ಪಂಚಾಯ್ತಿ ಸೇರಿಸ್ದೆ. ಮೈದುನನ ಕೈಲಿ ಒಡ್ಸು ಅಂದೊ. ಕೇಳ್ಳಿಲ್ಲ. ಇಂಜಿನ್ನು ನಂದು, ಕಾಯಿ ನಂದು, ಕೈಯೂ ನಂದು ಅಂದ್ಬುಟ್ಲು."

"ಎಂಜಿನ್ ಅವರದಲ್ಲ, ದೊರೆಯದು ಅಂತ ಪಂಚಾಯ್ತಿಯಲ್ಲಿ ಯಾರೂ ಅನ್ನಲಿಲ್ಲವೇ?" ಎಂದೆ.

ಅವನು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ. "ಅವಳ್ದಲ್ದೆ ಇನ್ಯಾರ್ದು? ದೊರೆ ಕಾಯಿ ಕೊಟ್ಟಾಗ ನಾನೂ ಅಲ್ಲೇ ನಿಂತಿದ್ದೆ. ಅವಳ್ದು ಅಂತ್ಲೇ ಅಲ್ವಾ ಸ್ವಾಮಿ ಜಗಳ?"

ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಆವರೆಗೆ ಸಿಕ್ಕಿರಲಿಲ್ಲ. ಪಂಚಾಯ್ತಿಯಲ್ಲಿ ಕೂತಿದ್ದ ಇನ್ನೂ ಮೂವರನ್ನು ಬೇರೆ ಬೇರೆಯಾಗಿ ಕಂಡೆ. ಮೂವರೂ ಆಕೆಯನ್ನು ಬೈದರು. ಮೂವರೂ ಎಂಜಿನ್ ಆಕೆಯದೇ ಎಂದರು. ವರದಿಯಲ್ಲಿ ಹಾಗೆಯೇ ಬರೆದೆ: ಎಂಜಿನ್ನಿನ ಎರಡನೇ ಯಜಮಾನ ಕಾಳೇಗೌಡ, ಮೂರನೇ ಯಜಮಾನಿ ಪುಟ್ಟತಾಯಮ್ಮ.

ಮರುವಾರ ದಿವಾಕರ್ ಲಾರಿಯೊಂದಿಗೆ ಆಲೆಮನೆಗೇ ಬಂದ. ನಾನು ಅಲ್ಲೇ ಕೈಗಿತ್ತ ವರದಿ ಓದಿ ಮಡಚಿ, ಆ ಎರಡು ಹೆಸರು ಹೊಡೆದುಹಾಕಿ ಎಂದ. ಆಗುವುದಿಲ್ಲ ಎಂದೆ.

"ಇನ್ನು ನಿಮಗೆ ಬೆಂಗಳೂರಿಂದ ಒಂದು ಕಾರೂ ಬರಲ್ಲ, ತಿಳ್ಕೊಳ್ಳಿ."

"ಬಾರದಿದ್ದರೆ ಬೇಡ. ಮೈಸೂರು ರಸ್ತೆಯಲ್ಲಿ ಲಾರಿಗಳು ಗುದ್ದಿಕೊಳ್ಳುವುದು ನಿಂತಿಲ್ಲವಲ್ಲ."

ಅವನು ಪುಟ್ಟತಾಯಮ್ಮನ ಕಡೆ ತಿರುಗಿ, ದನಿ ತಗ್ಗಿಸಿ, ಮಾರುತ್ತೀರಾ ಎಂದ. ಆಕೆ ಗಾಣಕ್ಕೆ ಕಬ್ಬು ಕೊಡುತ್ತಲೇ ಅಂದರು: "ಈಗ ಕೇಳ್ದೆ ನೋಡು, ಇದು ಕೇಳೋ ರೀತಿ. ಮಾರಾಕಿಲ್ಲ. ಲಾರಿ ಇಂದಕ್ಕೆ ತಗಿ, ಕಬ್ಬಿನ ಗಾಡಿ ಬತ್ತಾವೆ."

ಲಾರಿ ಖಾಲಿ ಹೋಯಿತು. ದಿವಾಕರ್ ಬೇರೆ ಎಂಜಿನ್ ಕೂರಿಸಿ ಆ ಕಾರನ್ನು ಮಾರಿದನೆಂದು ಕೇಳಿದೆ. ಹೇಳಿದಂತೆಯೇ ಆ ಕಡೆಯಿಂದ ನನಗೆ ಮತ್ತೆ ಕೆಲಸ ಬರಲಿಲ್ಲ. ಆಮೇಲೆ ಬೇರೆ ಕಡೆಯಿಂದ ಬಂದ ಪ್ರತಿ ಕಾರಿಗೂ ನಾನು ಮೊದಲು ಹುಡುಕಿದ್ದು ಯಜಮಾನನ ಸ್ನೇಹಿತರನ್ನಲ್ಲ, ಆಗದವರನ್ನು. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಆ ವರ್ಷದ ಆಯುಧಪೂಜೆಗೆ ಪುಟ್ಟತಾಯಮ್ಮ ಹೇಳಿಕಳಿಸಿದ್ದರು. ಹೋದೆ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಯಿಯನ್ನು ತಲೆಯ ಮೇಲಕ್ಕೆ ಎತ್ತಿ ಎಂಜಿನ್ ಮುಂದೆ ಅಪ್ಪಳಿಸಿದರು. ಬೇಲಿಯ ಆಚೆ ನಿಂತಿದ್ದ ಚಲುವೇಗೌಡ ಎಲೆಯಡಿಕೆ ಉಗಿದು ನನ್ನತ್ತ ನೋಡಿದ.

"ಬರ್ಕಳಿ ಸ್ವಾಮಿ," ಅಂದ. "ಈ ವರ್ಸವೂ ಅವಳೇ ಒಡುದ್ಲು."